ಮೂರು ಮಿಲಿಮೀಟರ್ ಹುಲ್ಲಿನ ಪಂಚಾಂಗ

ಈ ವಾರದ ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. 2013ರ ಜನವರಿಯಲ್ಲಿ ನಾನು ಒಂದು ಹುಲ್ಲುಹಾಸನ್ನು ಕೊಂದೆ. ಕೊಂದೆನೆಂದೇ ಎರಡು ತಿಂಗಳು ನಂಬಿದ್ದೆ.

ನಮ್ಮ ಪ್ರೌಢಶಾಲೆಯ ಧ್ವಜಸ್ತಂಭದ ಸುತ್ತ ಒಂದು ತುಂಡು ನೆಲವಿತ್ತು. ಹಿಂದಿನ ಮಳೆಗಾಲದಲ್ಲಿ ಮಕ್ಕಳು ಶ್ರಮದಾನ ಮಾಡಿ, ಕೆರೆ ಏರಿಯಿಂದ ಗರಿಕೆ ಕಿತ್ತು ತಂದು, ಒಂದೊಂದೇ ಎಸಳು ನೆಟ್ಟು ಅದನ್ನು ಹಸಿರು ಮಾಡಿದ್ದರು. ಗಣರಾಜ್ಯೋತ್ಸವಕ್ಕೆ ಮೂರು ದಿನ ಮುಂಚೆ, ಅತಿಥಿಗಳ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣಲೆಂದು, ನಾನು ಆ ಹುಲ್ಲನ್ನು ನೆಲಮಟ್ಟಕ್ಕೆ ಕೊಯ್ಯಿಸಿದೆ. ಅದರ ಮೇಲೆ ಮುನ್ನೂರು ಮಕ್ಕಳ ಕವಾಯತು ನಡೆಯಿತು. ಫೆಬ್ರವರಿಯಲ್ಲಿ ಹುಲ್ಲು ಹಳದಿಯಾದಾಗ, ವಿಜ್ಞಾನದ ಮೇಷ್ಟ್ರಲ್ಲವೇ, ಸಾರಜನಕದ ಕೊರತೆ ಎಂದು ನಿದಾನ ಹೇಳಿ ಬೊಗಸೆ ಬೊಗಸೆ ಯೂರಿಯಾ ಎರಚಿಸಿದೆ. ಮಾರ್ಚ್ ಹೊತ್ತಿಗೆ ಅಲ್ಲಿ ಉಳಿದದ್ದು ಕೆಂಪು ಮಣ್ಣು, ಒಣಗಿದ ನಾರು. ಮಕ್ಕಳು ನನ್ನನ್ನು ಏನೂ ಕೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆ ತಿಂಗಳ ಪಾಲಕರ ಸಭೆಗೆ ಒಂಬತ್ತನೇ ತರಗತಿಯ ಒಬ್ಬ ಹುಡುಗನ ತಂದೆ ಬಂದಿದ್ದರು. ಕನಕಪುರದ ಕಡೆಯವರು. ಅವರ ಉದ್ಯೋಗವೇನೆಂದು ನನಗೆ ಗೊತ್ತಿರಲಿಲ್ಲ. ದಾಖಲೆಯಲ್ಲಿ ಹುಡುಗ ‘ಖಾಸಗಿ ಕೆಲಸ’ ಎಂದು ಬರೆದಿದ್ದ. ಸಭೆ ಮುಗಿದ ಮೇಲೆ ಅವರು ಧ್ವಜಸ್ತಂಭದ ಬಳಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದರು.

“ತಪ್ಪು ತಿಳೀಬೇಡಿ ಸಾರ್, ಚಳೀಲಿ ಬೋಳಿಸಿಬಿಟ್ಟಿದ್ದೀರಿ. ಅದು ಮಲಗೋ ಕಾಲ. ಎಲೆ ಕಿತ್ಕೊಂಡ ಮೇಲೆ ಬೇರಿಗೆ ಊಟ ಎಲ್ಲಿಂದ ಬರ್ಬೇಕು?” ಎಂದರು. ಆಮೇಲೆ ಮಣ್ಣಿನೊಳಗಿಂದ ಬೆರಳುದ್ದದ ಒಂದು ಬಿಳಿ ಕಾಂಡ ಎಳೆದು ತೋರಿಸಿದರು. “ಸತ್ತಿಲ್ಲ ಬಿಡಿ. ಗರಿಕೆ ಅಷ್ಟು ಸುಲಭಕ್ಕೆ ಸಾಯಲ್ಲ. ಮಳೆ ಬೀಳ್ಲಿ, ನಾನೇ ಬಂದು ಎಬ್ಬಿಸ್ತೀನಿ.”

ಅವರು ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಹದಿನೆಂಟು ವರ್ಷದಿಂದ ಹುಲ್ಲು ನೋಡಿಕೊಳ್ಳುವವರು. ಅನುಮತಿ ಪಡೆದು ಒಂದು ಬೆಳಿಗ್ಗೆ ಐದೂವರೆಗೆ ನಾನೂ ಅಲ್ಲಿಗೆ ಹೋದೆ. ಅಂದು ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಹಸಿರಲ್ಲೊಂದು ಹಸಿರು

ಗಾಲ್ಫ್ ಆಟ ನೋಡದವರಿಗೆ ಎರಡು ಮಾತು. ಮೈದಾನದಲ್ಲಿ ಸಾಮಾನ್ಯವಾಗಿ 18 ಕುಳಿಗಳು. ಪ್ರತಿ ಕುಳಿಯ ಸುತ್ತ ಅತ್ಯಂತ ನುಣುಪಾದ ಹುಲ್ಲಿನ ಅಂಗಳವಿರುತ್ತದೆ. ಅದಕ್ಕೆ ‘ಗ್ರೀನ್’ ಎಂದು ಹೆಸರು. ಅಲ್ಲಿ ಚೆಂಡನ್ನು ಹಾರಿಸುವುದಿಲ್ಲ, ಮೆಲ್ಲಗೆ ಉರುಳಿಸುತ್ತಾರೆ. ಕುಳಿಯ ಅಗಲ 108 ಮಿ.ಮೀ., ಅಂದರೆ ಒಂದು ದೊಡ್ಡ ಲೋಟದ ಬಾಯಿಯಷ್ಟು. ಹುಲ್ಲು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ಚೆಂಡು ದಾರಿ ತಪ್ಪುತ್ತದೆ. ಹಾಗಾಗಿ ಗ್ರೀನ್ ಮೇಲಿನ ಹುಲ್ಲಿನ ಎತ್ತರ ಸುಮಾರು 3 ಮಿ.ಮೀ. ಮಾತ್ರ. ನಿಮ್ಮ ಅಳತೆಪಟ್ಟಿಯಲ್ಲಿ ಮೂರು ಸಣ್ಣ ಗೆರೆ ಎಣಿಸಿ ನೋಡಿ.

ಇಷ್ಟು ಗಿಡ್ಡಗೆ ಕತ್ತರಿಸಲು ಕುಡುಗೋಲು ಸಾಲದು. ಒಂದು ಸ್ಥಿರ ಅಲಗು, ಅದಕ್ಕೆ ತಾಗಿ ತಿರುಗುವ ಸುರುಳಿ ಅಲಗುಗಳು. ಎರಡರ ನಡುವೆ ಸಿಕ್ಕ ಎಲೆ ಕತ್ತರಿಗೆ ಸಿಕ್ಕಂತೆ ತುಂಡಾಗುತ್ತದೆ. ಈ ಯಂತ್ರವನ್ನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಮಾಡಿದ. ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನವಿರು ಎಳೆಗಳನ್ನು ಕತ್ತರಿಸುವ ಯಂತ್ರ ನೋಡಿ ಅವನಿಗೆ ಇದು ಹೊಳೆಯಿತು. ಒಂದು ವಿದ್ಯೆ ಇನ್ನೊಂದಕ್ಕೆ ಹೇಗೆ ಉಪಕಾರ ಮಾಡುತ್ತದೆ ನೋಡಿ!

ಆ ಬೆಳಿಗ್ಗೆ ನಾನು ಕಂಡ ಕ್ರಮ ಹೀಗಿತ್ತು. ಮೊದಲು ಉದ್ದನೆಯ ಬಳುಕುವ ಕೋಲನ್ನು ಹುಲ್ಲಿನ ಮೇಲೆ ಬೀಸಿ ಇಬ್ಬನಿ ಉದುರಿಸಿದರು. ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ಶಿಲೀಂಧ್ರ ಕೂರುತ್ತದೆ. ಆಮೇಲೆ ಕತ್ತರಿಸಿದರು; ನಿನ್ನೆ ಪೂರ್ವ-ಪಶ್ಚಿಮವಾದರೆ ಇಂದು ಉತ್ತರ-ದಕ್ಷಿಣ. ಒಂದೇ ದಿಕ್ಕಿಗೆ ಕತ್ತರಿಸುತ್ತಿದ್ದರೆ ಹುಲ್ಲು ಬಾಚಿದ ಕೂದಲಂತೆ ಒಂದೇ ಕಡೆ ಮಲಗುತ್ತದೆ. ಕೊನೆಗೆ ಕುಳಿಯನ್ನೇ ಜಾಗ ಬದಲಿಸಿದರು. ಹೊಸ ಜಾಗದಲ್ಲಿ ಕೊರೆದು ತೆಗೆದ ಹುಲ್ಲಿನ ಬಿಲ್ಲೆಯನ್ನು ಹಳೆಯ ಕುಳಿಗೆ ತುಂಬಿದರು. ಕುಳಿಯ ಸುತ್ತ ತುಳಿದ ಹುಲ್ಲಿಗೆ ಹೀಗೆ ವಿಶ್ರಾಂತಿ ಸಿಗುತ್ತದೆ.

ನನ್ನ ಪ್ರಶ್ನೆ ಒಂದೇ: ನಾನು ಒಮ್ಮೆ ಬೋಳಿಸಿದ್ದಕ್ಕೆ ಶಾಲೆಯ ಹುಲ್ಲು ಒಣಗಿತು, ದಿನಾ ಬೋಳಿಸಿದರೂ ಇದು ಹೇಗೆ ಬದುಕಿದೆ?

ಉತ್ತರ ಎರಡು. ಎಲೆ ಎಂಬುದು ಗಿಡದ ಅಡಿಗೆಮನೆ. ಒಮ್ಮೆಗೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದೆಂಬುದು ಹುಲ್ಲುಗಾರಿಕೆಯ ಮೂಲಸೂತ್ರ. ದಿನಾ ಕತ್ತರಿಸುವುದರಿಂದಲೇ ಅವರು ಕೂದಲೆಳೆಯಷ್ಟು ಮಾತ್ರ ತೆಗೆಯುತ್ತಾರೆ. ನಾನು ತಿಂಗಳುಗಟ್ಟಲೆ ಬೆಳೆಯಲು ಬಿಟ್ಟು ಒಂದೇ ದಿನ ಅಡಿಗೆಮನೆ ಕೆಡವಿದ್ದೆ. ಎರಡನೆಯದು, ಅಲ್ಲಿರುವುದು ಕೆರೆ ಏರಿಯ ಗರಿಕೆಯಲ್ಲ, ಅದರ ಮೊಮ್ಮಗಳು.

ಗರಿಕೆಯ ಮೊಮ್ಮಗಳು

ಗಣೇಶನ ಹಬ್ಬಕ್ಕೆ ನಾವು ಏರಿಸುವ ಗರಿಕೆಯ ಶಾಸ್ತ್ರೀಯ ಹೆಸರು ಸೈನೋಡಾನ್ ಡ್ಯಾಕ್ಟಿಲಾನ್. ಅಮೆರಿಕದವರು ಇದನ್ನೇ ಬರ್ಮುಡಾ ಹುಲ್ಲು ಎನ್ನುತ್ತಾರೆ. ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ತಳಿ ವಿಜ್ಞಾನಿ ಇದನ್ನು ಆಫ್ರಿಕದ ಒಂದು ನವಿರು ಜಾತಿಯೊಂದಿಗೆ ಸಂಕರ ಮಾಡಿದರು. ಗರಿಕೆಯಲ್ಲಿ 36 ವರ್ಣತಂತುಗಳು, ಆಫ್ರಿಕದ ಹುಲ್ಲಿನಲ್ಲಿ 18. ಅರ್ಧರ್ಧ ಸೇರಿದರೆ 27. ಬೆಸಸಂಖ್ಯೆಯಾದ್ದರಿಂದ ಅವು ಜೋಡಿಯಾಗಿ ಹಂಚಿಕೆಯಾಗಲಾರವು, ಬೀಜ ಕಟ್ಟುವುದಿಲ್ಲ. ನಮ್ಮ ಬಾಳೆಹಣ್ಣಿನಲ್ಲಿ ಬೀಜ ಇಲ್ಲದಿರುವುದಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ. ಬಾಳೆಯನ್ನು ಕಂದಿನಿಂದ ಬೆಳೆಸುವಂತೆ ಈ ಹುಲ್ಲನ್ನು ಕಾಂಡದ ತುಂಡುಗಳಿಂದ ಬೆಳೆಸುತ್ತಾರೆ. 1956ರಲ್ಲಿ ‘ಟಿಫ್‌ಗ್ರೀನ್’, 1965ರಲ್ಲಿ ಇನ್ನೂ ಕುಳ್ಳಾದ ‘ಟಿಫ್‌ಡ್ವಾರ್ಫ್’ ಹೊರಬಂದವು. ಎಲೆ ಸಣ್ಣ, ಗೆಣ್ಣು ಹತ್ತಿರ ಹತ್ತಿರ, ತೀರ ಗಿಡ್ಡಗೆ ಕತ್ತರಿಸಿದರೂ ಅಡಿಗೆಗೆ ಸಾಕಾಗುವಷ್ಟು ಎಲೆ ಉಳಿಯುತ್ತದೆ.

ಇದೇ ಬರ್ಟನ್ ಅವರ ಇನ್ನೊಂದು ಕೊಡುಗೆ ನಮ್ಮ ದೇಶಕ್ಕೆ ಬಂದದ್ದು ಬೇರೆ ದಾರಿಯಿಂದ. ಅವರು ಬೆಳೆಸಿದ ಸಜ್ಜೆಯ ‘ಟಿಫ್ಟ್ 23ಎ’ ಎಂಬ ತಾಯಿ ತಳಿಯನ್ನು ಬಳಸಿ ಲೂಧಿಯಾನದಲ್ಲಿ ಡಿ.ಎಸ್. ಅತ್ವಾಲ್ ಅವರು ಎಚ್.ಬಿ.-1 ಎಂಬ ಹೈಬ್ರಿಡ್ ಸಜ್ಜೆ ರೂಪಿಸಿದರು. 1965ರಲ್ಲಿ ಅದು ಬಿಡುಗಡೆಯಾಯಿತು. ಶ್ರೀಮಂತರ ಆಟದ ಹುಲ್ಲು, ಬಡವರ ರೊಟ್ಟಿಯ ಸಜ್ಜೆ, ಎರಡೂ ಒಬ್ಬರದೇ ಹೊಲದಿಂದ! ವಿಜ್ಞಾನವನ್ನು ‘ಉಪಯುಕ್ತ’, ‘ನಿರುಪಯುಕ್ತ’ ಎಂದು ಮೊದಲೇ ಬೇರ್ಪಡಿಸುವ ಪಾಲಕರು ಇದನ್ನು ಗಮನಿಸಬೇಕು.

ಎರಡು ಹುಲ್ಲು, ಎರಡು ಪಂಚಾಂಗ

ಗಾಲ್ಫ್‌ನ ತವರು ಸ್ಕಾಟ್ಲೆಂಡ್. ಅಲ್ಲಿನ ಸೇಂಟ್ ಆಂಡ್ರೂಸ್ ಊರಿನ ಹಳೆಯ ಮೈದಾನದಲ್ಲಿ ಗರಿಕೆ ಇಲ್ಲ. ಬೆಂಟ್ ಮತ್ತು ಫೆಸ್ಕ್ಯೂ ಎಂಬ ಚಳಿನಾಡಿನ ಹುಲ್ಲುಗಳಿವೆ. ಇವು ಭತ್ತ, ಗೋಧಿಗಳಂತೆ ಸಿ-3 ವರ್ಗದವು. ಗರಿಕೆಯಾದರೋ ಕಬ್ಬು, ಜೋಳ, ರಾಗಿಗಳಂತೆ ಸಿ-4 ವರ್ಗದ್ದು.

ಏನಿದು ವ್ಯತ್ಯಾಸ? ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವವೊಂದು ಎಲೆಯಲ್ಲಿದೆ. ಬಿಸಿಲು ಏರಿದಂತೆ ಅದು ಮೈಮರೆತು ಆಮ್ಲಜನಕವನ್ನೂ ಹಿಡಿಯತೊಡಗುತ್ತದೆ. ಆಗ ತಯಾರಾದ ಆಹಾರವೂ ವ್ಯರ್ಥವಾಗುತ್ತದೆ. ಸಿ-3 ಗಿಡಗಳಿಗೆ ಬೇಸಿಗೆ ಕಷ್ಟವಾಗುವುದು ಇದರಿಂದ. ಸಿ-4 ಗಿಡಗಳು ಮೊದಲು ಡೈಆಕ್ಸೈಡನ್ನು ಸಂಗ್ರಹಿಸಿ, ಆ ಕಿಣ್ವದ ಮುಂದೆ ರಾಶಿ ಹಾಕುತ್ತವೆ. ತಪ್ಪು ಹಿಡಿಯಲು ಅವಕಾಶವೇ ಇಲ್ಲ. ಅದಕ್ಕೇ ಚಳಿನಾಡಿನ ಹುಲ್ಲಿನ ಎಲೆ 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲುಸಾಗಿ ಬೆಳೆದರೆ, ಗರಿಕೆಗೆ 27ರಿಂದ 35 ಡಿಗ್ರಿ ಬೇಕು. ಮಣ್ಣಿನ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿದರೆ ಗರಿಕೆ ಕಂದಾಗಿ ಮಲಗಿಬಿಡುತ್ತದೆ.

ಈಗ ಗ್ರೀನ್‌ಗಳ ದೊಡ್ಡ ಚಿಕಿತ್ಸೆಗೆ ಬರೋಣ. ಸತ್ತ ಕಾಂಡ, ಬೇರುಗಳು ಸೇರಿ ಹುಲ್ಲಿನ ಬುಡದಲ್ಲಿ ಮೆತ್ತನೆಯ ಪದರ ಕಟ್ಟುತ್ತದೆ. ಕೆಳಗಿನ ಮಣ್ಣು ತುಳಿತಕ್ಕೆ ಗಟ್ಟಿಯಾಗುತ್ತದೆ. ಬೇರಿಗೆ ಗಾಳಿ ಇಲ್ಲ. ಆಗ ಟೊಳ್ಳು ಮೊಳೆಗಳ ಯಂತ್ರ ಹಾಯಿಸಿ ಮಣ್ಣಿನ ಕಡ್ಡಿಗಳನ್ನು ಕಿತ್ತು ತೆಗೆದು, ತೂತುಗಳಿಗೆ ಮರಳು ತುಂಬುತ್ತಾರೆ. 5 ಸೆಂ.ಮೀ.ಗೆ ಒಂದರಂತೆ ತೂತು ಹೊಡೆದರೆ ಚದರ ಮೀಟರಿಗೆ 400. 500 ಚದರ ಮೀಟರಿನ ಒಂದು ಗ್ರೀನ್‌ಗೆ ಎರಡು ಲಕ್ಷ ತೂತು! ಪ್ರತಿ ತೂತಿನ ಅಗಲ 12 ಮಿ.ಮೀ. ಆದರೆ, ಒಟ್ಟು ಮೇಲ್ಮೈಯ ಎಷ್ಟು ಭಾಗ ಕಿತ್ತಂತಾಯಿತು? ನೀವೇ ಲೆಕ್ಕ ಮಾಡಿ. ಶೇಕಡಾ 4.5 ಬರಬೇಕು.

ಇದು ಹುಲ್ಲಿಗೆ ದೊಡ್ಡ ಗಾಯ. ಯಾವಾಗ ಮಾಡಬೇಕು? ಹುಡುಗನ ತಂದೆ ಹೇಳಿದ ಮಾತು ಪಠ್ಯಪುಸ್ತಕದಲ್ಲಿರಬೇಕಾದದ್ದು: “ಗಾಯ ಮಾಯೋ ಕಾಲದಲ್ಲೇ ಗಾಯ ಮಾಡ್ಬೇಕು ಸಾರ್.” ಸ್ಕಾಟ್ಲೆಂಡಿನಲ್ಲಿ ಇಂಥ ಕೆಲಸಕ್ಕೆ ವಸಂತ, ಇಲ್ಲವೇ ಮಣ್ಣು ಇನ್ನೂ ಬೆಚ್ಚಗಿರುವ ಬೇಸಿಗೆಯ ಕೊನೆ ತಕ್ಕ ಕಾಲ. ಚಳಿಗಾಲದಲ್ಲಿ ಅಲ್ಲಿ ಹಿಮ ಕೂತ ಹುಲ್ಲಿನ ಮೇಲೆ ಕಾಲಿಡುವುದೂ ತಪ್ಪು. ಹೆಪ್ಪುಗಟ್ಟಿದ ಜೀವಕೋಶಗಳು ಒಡೆದು, ಹೆಜ್ಜೆಗುರುತುಗಳು ಕಪ್ಪಾಗಿ ಉಳಿಯುತ್ತವೆ. ಗರಿಕೆ ಜಾತಿಗೆ ಪಂಚಾಂಗ ತಿರುಗುಮುರುಗು: ಬಿಸಿಲು ಏರಿದಾಗಲೇ ಅದರ ಮೈ ತುಂಬುವ ಕಾಲ.

ಪಂಚಾಂಗಕ್ಕೆ ವಿರುದ್ಧ ಹೋದರೆ ಖರ್ಚು ಬಹಳ. ಜಾರ್ಜಿಯಾದ ಸುಪ್ರಸಿದ್ಧ ಆಗಸ್ಟಾ ನ್ಯಾಷನಲ್ ಮೈದಾನದ ಗ್ರೀನ್‌ಗಳನ್ನು 1981ರ ಹೊತ್ತಿಗೆ ಬರ್ಮುಡಾದಿಂದ ಬೆಂಟ್ ಹುಲ್ಲಿಗೆ ಬದಲಿಸಿದರು. ಚೆಂಡು ಇನ್ನೂ ವೇಗವಾಗಿ ಉರುಳಲೆಂದು. ಆದರೆ ಅಲ್ಲಿನ ಬೇಸಿಗೆ ಬೆಂಟ್ ಹುಲ್ಲಿಗೆ ಶತ್ರು. ನೆಲದಡಿಯ ಕೊಳವೆಗಳಿಂದ ಗಾಳಿ ಎಳೆಯುವ, ಊದುವ ಯಂತ್ರ ವ್ಯವಸ್ಥೆಯನ್ನೇ ಅಲ್ಲಿ ರೂಪಿಸಬೇಕಾಯಿತು. ಬೇಸಿಗೆಯ ತಿಂಗಳುಗಳಲ್ಲಿ ಆ ಮೈದಾನ ಮುಚ್ಚಿರುತ್ತದೆ.

ನಮ್ಮ ಬೆಂಗಳೂರಿನ ವರ್ಷ

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ. ಕಲ್ಕತ್ತದಲ್ಲಿ 1829ರಲ್ಲಿ ಕ್ಲಬ್ ಹುಟ್ಟಿದರೆ, ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ಜನವರಿಯ ರಾತ್ರಿಗಳು ಸರಾಸರಿ 16 ಡಿಗ್ರಿಯ ಆಸುಪಾಸು. ದೆಹಲಿಯಂತೆ ಇಲ್ಲಿ ಗರಿಕೆ ಪೂರ್ತಿ ಮಲಗುವುದಿಲ್ಲ, ತೂಕಡಿಸುತ್ತದೆ. ಆಗ ಕತ್ತರಿಸುವ ಎತ್ತರ ಸ್ವಲ್ಪ ಏರಿಸಬೇಕು, ಗೊಬ್ಬರ ಇಳಿಸಬೇಕು, ಗಾಯ ಮಾಡಬಾರದು. ನಾನು ಮೂರನ್ನೂ ಮೀರಿದ್ದೆ. ತೂಕಡಿಸುವ ಹುಲ್ಲು ಯೂರಿಯಾ ಉಣ್ಣಲಾರದು; ಒಣಮಣ್ಣಿನಲ್ಲಿ ಉಳಿದ ಆ ಗೊಬ್ಬರ ಬೇರಿನಿಂದಲೇ ನೀರು ಹೀರುತ್ತದೆ. ಆಸ್ಮಾಸಿಸ್ ಪಾಠವನ್ನು ಅದೇ ತಿಂಗಳು ನಾನು ಕಲಿಸಿದ್ದೆನೆಂಬುದು ಬೇರೆ ಮಾತು.

ಮಾರ್ಚ್‌ನಿಂದ ಮೇ ತನಕ ಬೆಳವಣಿಗೆಯ ಹುರುಪು. ನೀರಿದ್ದರೆ ತೂತು ಹೊಡೆಯಲು, ಮರಳು ಹರಡಲು ಇದೇ ಮುಹೂರ್ತ. ಜೂನ್‌ನಿಂದ ಮೋಡ ಕವಿದು ಬಿಸಿಲು ಕಡಿಮೆ, ತೇವ ಹೆಚ್ಚು. ಆಗ ಮತ್ತೆ ಎತ್ತರ ತುಸು ಏರಿಸಿ ಎಲೆಗೆ ಬೆಳಕು ಹಿಡಿಯುವ ಅವಕಾಶ ಕೊಡಬೇಕು. ಸೆಪ್ಟೆಂಬರ್-ಅಕ್ಟೋಬರ್‌ನ ಜೋರು ಮಳೆಯಲ್ಲಿ ಶಿಲೀಂಧ್ರ, ಪಾಚಿಗಳ ಕಾಟ. ಒಂದು ಕಾಲದಲ್ಲಿ ವಿದೇಶದ ಗ್ರೀನ್‌ಗಳಿಗೆ ಪಾದರಸದ ಸಂಯುಕ್ತಗಳನ್ನೇ ಸಿಂಪಡಿಸುತ್ತಿದ್ದರು. ಅದು ಮಣ್ಣಿನಲ್ಲಿ ಉಳಿಯುವ ವಿಷವೆಂದು ತಿಳಿದ ಮೇಲೆ ಕೈಬಿಟ್ಟರು. ಇಂದಿಗೂ ಅತ್ಯುತ್ತಮ ಔಷಧ ಗಾಳಿ, ಬೆಳಕು ಮತ್ತು ಬೆಳಿಗ್ಗೆ ಇಬ್ಬನಿ ಹೊಡೆಯುವ ಆ ಕೋಲು.

ನೀರಿನ ಲೆಕ್ಕ

ಇಲ್ಲಿ ಪಾಲಕರು ಕೇಳಬಹುದು: “ಕುಡಿಯುವ ನೀರಿಗೇ ತತ್ವಾರ, ಹುಲ್ಲಿಗೇಕೆ ಇಷ್ಟು?” ನ್ಯಾಯವಾದ ಪ್ರಶ್ನೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಬಿಸಿಲಿನ ದಿನ ಹುಲ್ಲಿನಿಂದ 5 ಮಿ.ಮೀ. ಆವಿಯಾಗುತ್ತದೆಂದು ಹಿಡಿದರೆ, 500 ಚದರ ಮೀಟರಿನ ಗ್ರೀನ್‌ಗೆ 2,500 ಲೀಟರ್. 18 ಗ್ರೀನ್‌ಗಳಿಗೆ ದಿನಕ್ಕೆ 45,000 ಲೀಟರ್. ಉಳಿದ ವಿಶಾಲ ಮೈದಾನದ ಲೆಕ್ಕ ಇದರಲ್ಲಿ ಸೇರಿಲ್ಲ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಬಾಯಾರಿದಾಗ ಜಲಮಂಡಳಿ ತೋಟಗಳಿಗೆ, ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ವಿಧಿಸಿತು. ಸರಿಯಾದ ದಾರಿ ಸಂಸ್ಕರಿಸಿದ ಕೊಳಚೆ ನೀರು. ಅದರಲ್ಲಿ ಸಾರಜನಕ, ರಂಜಕಗಳೂ ಇರುವುದರಿಂದ ಗೊಬ್ಬರದ ಖರ್ಚೂ ತಗ್ಗುತ್ತದೆ. ಆದರೆ ಲವಣ ಹೆಚ್ಚು. ಮಳೆಗಾಲ ಬಂದು ಅದನ್ನು ತೊಳೆಯಬೇಕು. ನೀರು ಸರಾಗ ಇಳಿಯುವ ನೆಲ ಬೇಕಾಗುವುದು ಇದಕ್ಕೂ ಹೌದು. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಪ್ರಕಟಿಸಿದ ವಿಧಾನದಲ್ಲಿ 30 ಸೆಂ.ಮೀ. ಮರಳು ಮಿಶ್ರಣದ ಕೆಳಗೆ 10 ಸೆಂ.ಮೀ. ಜಲ್ಲಿ ಇರುತ್ತದೆ. ಜಲ್ಲಿಯ ಮೇಲಿನ ಮರಳು ತನಗೆ ಬೇಕಾದಷ್ಟು ನೀರು ಹಿಡಿದುಕೊಂಡು, ಹೆಚ್ಚಾದದ್ದನ್ನು ಮಾತ್ರ ಬಿಡುತ್ತದೆ.

ಭಾನುವಾರದ ರಜೆ

ಸೇಂಟ್ ಆಂಡ್ರೂಸಿನಲ್ಲಿ ಟಾಮ್ ಮಾರಿಸ್ ಎಂಬ ಹಿರಿಯ 1903ರವರೆಗೆ ಸುಮಾರು ನಾಲ್ಕು ದಶಕ ಹುಲ್ಲು ಕಾದ. ಗ್ರೀನ್ ಮೇಲೆ ಮರಳು ಹರಡುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಅವನು ಪ್ರಮುಖ. ಭಾನುವಾರ ಮೈದಾನಕ್ಕೆ ವಿಶ್ರಾಂತಿ ಬೇಕೆಂಬುದು ಅವನ ಹಟ. ಇಂದಿಗೂ ದೊಡ್ಡ ಪಂದ್ಯಾವಳಿಗಳ ದಿನ ಬಿಟ್ಟರೆ ಆ ಹಳೆಯ ಮೈದಾನದಲ್ಲಿ ಭಾನುವಾರ ಆಟವಿಲ್ಲ. ಊರ ಜನ ಮಕ್ಕಳೊಂದಿಗೆ ಅಡ್ಡಾಡುತ್ತಾರೆ. ಭಾನುವಾರವೂ ಮೂರು ಟ್ಯೂಷನ್ ಇಟ್ಟಿರುವ ಪಾಲಕರಿಗೆ ನಾನು ಬೇರೇನೂ ಹೇಳುವುದಿಲ್ಲ.

ನಮ್ಮ ಶಾಲೆಯ ಕಥೆ ಮುಗಿಸುತ್ತೇನೆ. ಜೂನ್ ಮೊದಲ ವಾರ, ಎರಡು ಹದ ಮಳೆ ಬಿದ್ದ ಮೇಲೆ ಅವರು ರಜೆ ಹಾಕಿ ಬಂದರು. ಮಕ್ಕಳ ಕೈಗೆ ಕಬ್ಬಿಣದ ಸರಳು ಕೊಟ್ಟು ನೆಲಕ್ಕೆ ತೂತು ಹೊಡೆಸಿದರು, ಮರಳು ಗುಡಿಸಿದರು. ಮಗ ಮೊದಲು ಹಿಂದೆ ಹಿಂದೆ ನಿಂತಿದ್ದ. ಆಮೇಲೆ ಟೇಪು ಹಿಡಿದು ಐದೈದು ಸೆಂಟಿಮೀಟರಿಗೆ ಗುರುತು ಹಾಕಿದ. ಆಗಸ್ಟ್ 15ರಂದು ಧ್ವಜಸ್ತಂಭದ ಸುತ್ತ ಹಸಿರಿತ್ತು. ಎರಡು ಅಂಗುಲ ಎತ್ತರಕ್ಕೆ ಬಿಟ್ಟಿದ್ದೆವು. ಆ ವರ್ಷ ಒಂದು ಪರೀಕ್ಷೆಯ ಅರ್ಜಿ ನೋಡುತ್ತಿದ್ದಾಗ ತಂದೆಯ ಉದ್ಯೋಗದ ಮುಂದೆ ಅವನು ‘ಗಾಲ್ಫ್ ಮೈದಾನದಲ್ಲಿ ಹುಲ್ಲು ಬೆಳೆಸುವವರು’ ಎಂದು ಬರೆದದ್ದು ಕಂಡಿತು. ಜಾಗ ಸಾಲದೆ ಕೊನೆಯ ಅಕ್ಷರ ಗೆರೆಯ ಹೊರಗೆ ಹೋಗಿತ್ತು.

ಮಾಡಿ ನೋಡಿ

ಒಂದು: ಅಡಿಗೆಮನೆಯ ಸ್ಪಂಜೊಂದನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ, ಹಿಂಡದೆ, ಮೆಲ್ಲಗೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸಣ್ಣ ರಂಧ್ರಗಳು ಒಂದು ನಿರ್ದಿಷ್ಟ ಎತ್ತರದ ನೀರನ್ನಷ್ಟೇ ಹಿಡಿದಿಡಬಲ್ಲವು. ಗ್ರೀನ್‌ನ ಮರಳು ಎಷ್ಟು ಆಳವಿರಬೇಕೆಂದು ನಿರ್ಧರಿಸುವುದು ಇದೇ ತತ್ವ.

ಎರಡು: ಮಳೆಗಾಲದಲ್ಲಿ ಎರಡು ಕುಂಡಗಳಲ್ಲಿ ಗರಿಕೆ ನೆಡಿ. ಚೆನ್ನಾಗಿ ಹಿಡಿದ ಮೇಲೆ ಒಂದನ್ನು 2 ಸೆಂ.ಮೀ., ಇನ್ನೊಂದನ್ನು 8 ಸೆಂ.ಮೀ. ಎತ್ತರಕ್ಕೆ ಮೂರು ದಿನಕ್ಕೊಮ್ಮೆ ಕತ್ತರಿಸಿ. ಆರು ವಾರದ ನಂತರ ಮಣ್ಣು ತೊಳೆದು ಬೇರುಗಳ ಉದ್ದ ಅಳೆಯಿರಿ. ಯಾವುದು ಉದ್ದ, ಏಕೆ ಎಂದು ಬರೆದಿಡಿ. ಡಿಸೆಂಬರ್‌ನಲ್ಲಿ ಮಾತ್ರ ಈ ಪ್ರಯೋಗ ಬೇಡ. ಅದನ್ನು ನಿಮ್ಮ ಪರವಾಗಿ ನಾನು ಈಗಾಗಲೇ ಮಾಡಿ ಮುಗಿಸಿದ್ದೇನೆ.